ಕೌಂಟಿಯ ಅಂಕಿ ಏರಿದರೆ ಅಲ್ಲಿನ ಶಾಲೆ ಗೆದ್ದಂತೆಯೇ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಬಿಇ ಮಾಡಿದವನು. ಹನ್ನೆರಡು ವರ್ಷದಿಂದ ಅಮೆರಿಕದ ವರ್ಜೀನಿಯಾ ರಾಜ್ಯದ ಲೌಡನ್ ಕೌಂಟಿಯಲ್ಲಿದ್ದೇನೆ. ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಇದ್ದ ಹಾಗೆ. ಪ್ರತಿ ಕೌಂಟಿಯಲ್ಲಿ ವಯಸ್ಕರು ಎಷ್ಟು ಓದಿದ್ದಾರೆ ಅಂತ 1970ರಿಂದ ಈಚಿನ ಲೆಕ್ಕವನ್ನು ಅಮೆರಿಕದ ಕೃಷಿ ಇಲಾಖೆ ಒಂದು ಪಟ್ಟಿಯಲ್ಲಿ ಕೊಟ್ಟಿದೆ. ಅದರಲ್ಲಿ ನಮ್ಮ ಕೌಂಟಿ ತುಂಬಾ ಮೇಲಿದೆ. ನನ್ನ ಸಹೋದ್ಯೋಗಿಯೊಬ್ಬರ ಊರು ವೆಸ್ಟ್ ವರ್ಜೀನಿಯಾದ ಮ್ಯಾಕ್‌ಡೊವೆಲ್ ಕೌಂಟಿ. ಅದು ತೀರಾ ಕೆಳಗಿದೆ. ಅವರಿಗೆ ತೋರಿಸಿದಾಗ ಬೇಜಾರು ಮಾಡಿಕೊಂಡರು, "ನಮ್ಮೂರ ಮೇಷ್ಟ್ರುಗಳು ಒಳ್ಳೆಯವರೇ ಇದ್ದರು" ಅಂದರು. ಐವತ್ತು ವರ್ಷದಲ್ಲಿ ಒಂದು ಕೌಂಟಿ ಇಷ್ಟು ಏರಿ ಇನ್ನೊಂದು ಅಲ್ಲೇ ಉಳಿದಿದೆ ಅಂದರೆ ಶಾಲೆಗಳೇ ಕಾರಣ ಅಲ್ವಾ? ಕರ್ನಾಟಕದ ಜಿಲ್ಲೆಗಳನ್ನೂ ಹೀಗೇ ಹೋಲಿಸಬಹುದಾ?

ಉತ್ತರ:

ನಿಮ್ಮ ಸಹೋದ್ಯೋಗಿಯ ಮಾತು ನನಗೆ ತಟ್ಟಿತು. ಅವರು ಹೇಳಿದ್ದು ನಿಜ ಇರಬಹುದು. ಪಟ್ಟಿಯಲ್ಲಿರುವ ಅಂಕಿಯೂ ನಿಜವೇ. ಎರಡೂ ಒಟ್ಟಿಗೆ ನಿಜ ಆಗಬಹುದು, ಯಾಕೆಂದರೆ ಅದು ಶಾಲೆಯ ಅಂಕಿ ಅಲ್ಲ. ಆ ಕೌಂಟಿಯಲ್ಲಿ ಈಗ ಯಾರು ವಾಸ ಇದ್ದಾರೆ ಅನ್ನುವುದರ ಅಂಕಿ.

ನಿಮ್ಮನ್ನೇ ತಗೊಳ್ಳಿ. ನಿಮಗೆ ಒಂದನೇ ಕ್ಲಾಸಿನಿಂದ ಬಿಇವರೆಗೆ ಪಾಠ ಹೇಳಿದವರೆಲ್ಲ ಕರ್ನಾಟಕದವರು. ಆದರೆ ಅಮೆರಿಕದ ಸಮೀಕ್ಷೆಯ ಫಾರ್ಮು ನೀವು ಮುಗಿಸಿದ ಅತಿ ಹೆಚ್ಚಿನ ಓದು ಯಾವುದು ಅಂತ ಮಾತ್ರ ಕೇಳುತ್ತದೆ, ಎಲ್ಲಿ ಓದಿದಿರಿ ಅಂತ ಕೇಳುವುದಿಲ್ಲ. ಹಾಗಾಗಿ ನೀವು ಲೌಡನ್‌ನಲ್ಲಿ ಮನೆ ಮಾಡಿದ ದಿನವೇ ಆ ಕೌಂಟಿಯ ಪದವೀಧರರ ಲೆಕ್ಕಕ್ಕೆ ಒಬ್ಬರು ಸೇರಿದರು. ಲೌಡನ್‌ನ ಒಂದೇ ಒಂದು ಶಾಲೆಯೂ ನಿಮಗೆ ಒಂದಕ್ಷರ ಕಲಿಸಿಲ್ಲ. ಅದೇ ಥರ ಮ್ಯಾಕ್‌ಡೊವೆಲ್‌ನಲ್ಲಿ ಹೈಸ್ಕೂಲು ಮುಗಿಸಿ, ಕಾಲೇಜು ಓದಿ, ನಿಮ್ಮ ಪಕ್ಕದ ಟೇಬಲ್ಲಿಗೆ ಬಂದು ಕೂತ ಆ ಸಹೋದ್ಯೋಗಿ ಈಗ ತಾವಿರುವ ಕೌಂಟಿಯ ಲೆಕ್ಕದಲ್ಲಿದ್ದಾರೆ. ಅವರ ಮೇಷ್ಟ್ರು ಪಟ್ಟ ಶ್ರಮ ಮ್ಯಾಕ್‌ಡೊವೆಲ್‌ನ ಸಾಲಿನಲ್ಲಿ ಎಲ್ಲೂ ಕಾಣಿಸುವುದಿಲ್ಲ. ಕಾಣಿಸಲು ಜಾಗವೇ ಇಲ್ಲ.

ಈ ಅಂಕಿ ಎಲ್ಲಿಂದ ಬರುತ್ತದೆ ಅಂತ ಮೊದಲು ಹೇಳುತ್ತೇನೆ. ಅಮೆರಿಕದ ಜನಗಣತಿ 1840ರಿಂದಲೇ ಅಕ್ಷರ ಬರುತ್ತದಾ ಅಂತ ಕೇಳುತ್ತಿತ್ತು. ಎಷ್ಟನೇ ತರಗತಿವರೆಗೆ ಓದಿದ್ದೀರಿ ಅಂತ ಕೇಳಿದ್ದು 1940ರಲ್ಲಿ ಮೊದಲ ಸಲ. 25 ವರ್ಷ ತುಂಬಿದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ, ಯಾಕೆಂದರೆ ಆ ಹೊತ್ತಿಗೆ ಹೆಚ್ಚಿನವರ ಓದು ಮುಗಿದಿರುತ್ತದೆ. ಕೃಷಿ ಇಲಾಖೆಯ ಪಟ್ಟಿ ಅವರನ್ನು ನಾಲ್ಕು ಗುಂಪು ಮಾಡುತ್ತದೆ: ಹೈಸ್ಕೂಲು ಮುಗಿಸದವರು, ಹೈಸ್ಕೂಲು ಮಾತ್ರ ಮುಗಿಸಿದವರು, ಕಾಲೇಜಿಗೆ ಸ್ವಲ್ಪ ಕಾಲ ಹೋದವರು ಅಥವಾ ಎರಡು ವರ್ಷದ ಡಿಗ್ರಿ ಪಡೆದವರು, ನಾಲ್ಕು ವರ್ಷದ ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಓದಿದವರು. ಅಲ್ಲಿ ಹೈಸ್ಕೂಲು ಅಂದರೆ 12ನೇ ತರಗತಿವರೆಗೆ, ನಮ್ಮ ಪಿಯುಸಿ ಇದ್ದ ಹಾಗೆ. ಇದು ಗೊತ್ತಿಲ್ಲದೆ ಎಸ್ಸೆಸ್ಸೆಲ್ಸಿ ಅಂತ ತಿಳಿದು ಓದುವವರು ಬಹಳ ಜನ ಇದ್ದಾರೆ.

ಇಡೀ ದೇಶದ ಲೆಕ್ಕ ನೋಡಿದರೆ ಏರಿಕೆ ದೊಡ್ಡದು. 1940ರಲ್ಲಿ ಹೈಸ್ಕೂಲು ಮುಗಿಸಿದ ವಯಸ್ಕರು 100ಕ್ಕೆ 24 ಜನ, ಕಾಲೇಜು ಮುಗಿಸಿದವರು 5 ಜನಕ್ಕಿಂತ ಕಡಿಮೆ. 1970ಕ್ಕೆ ಹೈಸ್ಕೂಲಿನ ಲೆಕ್ಕ 52, ಕಾಲೇಜಿನದು 11ರ ಹತ್ತಿರ. 2000ಕ್ಕೆ 80 ಮತ್ತು 24. 2020ರ ಹೊತ್ತಿಗೆ 88 ಮತ್ತು 33ರ ಆಸುಪಾಸು. ನಿಮ್ಮ ಪಟ್ಟಿ 1970ರಿಂದ ಶುರುವಾಗುತ್ತದೆ, ಅಂದರೆ ಆಗ ದೇಶದ ಹೆಚ್ಚುಕಮ್ಮಿ ಅರ್ಧದಷ್ಟು ವಯಸ್ಕರು ಹೈಸ್ಕೂಲೇ ಮುಗಿಸಿರಲಿಲ್ಲ. ಈಗ ಅಮೆರಿಕದಲ್ಲಿ ಕೆಲಸ ಮಾಡುವ ನಮ್ಮ ಹುಡುಗರಿಗೆ ಇದನ್ನು ನಂಬುವುದೇ ಕಷ್ಟ.

ಹೈಸ್ಕೂಲಿನ ಏರಿಕೆ ಮತ್ತು ಕಾಲೇಜಿನ ಏರಿಕೆ ಬೇರೆಬೇರೆ ಕತೆಗಳು. ಒಂದು ವಯಸ್ಸಿನ ಕತೆ, ಇನ್ನೊಂದು ಊರು ಬಿಡುವ ಕತೆ. ಒಂದೇ ಗೆರೆಯಲ್ಲಿ ಎರಡನ್ನೂ ಓದಿದರೆ ದಾರಿ ತಪ್ಪುತ್ತದೆ.

ಮೊದಲು ಹೈಸ್ಕೂಲು. 1900ರಲ್ಲಿ ಹುಟ್ಟಿದ ರೈತನೊಬ್ಬ 1970ರಲ್ಲಿ 70 ವರ್ಷದ ಅಜ್ಜ. ಎಂಟನೇ ತರಗತಿಗೆ ಶಾಲೆ ಬಿಟ್ಟಿದ್ದ ಅಂತ ಇಟ್ಟುಕೊಳ್ಳಿ. ಆ ಕಾಲಕ್ಕೆ ಅದು ಸಾಮಾನ್ಯ. 1940ರ ಗಣತಿಯಲ್ಲಿ ವಯಸ್ಕರನ್ನು ಓದಿನ ಪ್ರಕಾರ ಸಾಲಾಗಿ ನಿಲ್ಲಿಸಿದ್ದರೆ ನಟ್ಟನಡುವೆ ನಿಂತವರು ಓದಿದ್ದು 8.6 ವರ್ಷ ಮಾತ್ರ. ಈ ಅಜ್ಜ 1970ರ ಲೆಕ್ಕದಲ್ಲಿ ಹೈಸ್ಕೂಲು ಮುಗಿಸದವರ ಗುಂಪಿನಲ್ಲಿರುತ್ತಾನೆ. 1990ರ ಹೊತ್ತಿಗೆ ತೀರಿಕೊಂಡಿರುತ್ತಾನೆ. ಅವನ ಮೊಮ್ಮಗಳು 12ನೇ ತರಗತಿ ಮುಗಿಸಿ 25 ದಾಟಿ ಲೆಕ್ಕಕ್ಕೆ ಬಂದಿರುತ್ತಾಳೆ. ಕೌಂಟಿಯ ಅಂಕಿ ಏರಿತು. ಆದರೆ ಯಾವ ವಯಸ್ಕರೂ ಹೊಸದಾಗಿ ಏನೂ ಓದಲಿಲ್ಲ, ಒಂದು ತಲೆಮಾರು ಹೋಗಿ ಇನ್ನೊಂದು ಬಂತು ಅಷ್ಟೇ. 1970ರಿಂದ 2000ರವರೆಗಿನ ಹೈಸ್ಕೂಲಿನ ಏರಿಕೆಯಲ್ಲಿ ದೊಡ್ಡ ಪಾಲು ಇದೇ. ಆ ಮೊಮ್ಮಗಳು ಓದಲು ಕಾರಣವಾದ ಶಾಲೆಗಳು ಬಹಳ ಹಿಂದೆಯೇ ಕಟ್ಟಿದ್ದವು. 1910ರಲ್ಲಿ ಅಮೆರಿಕದ ಹದಿಹರೆಯದವರಲ್ಲಿ 100ಕ್ಕೆ 9 ಜನ ಹೈಸ್ಕೂಲು ಮುಗಿಸುತ್ತಿದ್ದರು, 1940ಕ್ಕೆ ಅದು ಸುಮಾರು 50. ಆ ಮೂವತ್ತು ವರ್ಷದಲ್ಲಿ ಅಯೋವಾ, ನೆಬ್ರಾಸ್ಕಾ, ಕಾನ್ಸಾಸ್‌ನಂಥ ಕಡೆ ಸಣ್ಣಸಣ್ಣ ಊರಿನವರು ತಮ್ಮದೇ ತೆರಿಗೆ ಹಣದಲ್ಲಿ ಹೈಸ್ಕೂಲು ಕಟ್ಟಿಕೊಂಡರು. ಅದರ ಫಲ ಈ ಪಟ್ಟಿಯಲ್ಲಿ ನಲವತ್ತು, ಐವತ್ತು ವರ್ಷ ತಡವಾಗಿ ಕಾಣುತ್ತದೆ. ಶಾಲೆ ಕಟ್ಟಿದ ಹೊತ್ತಿಗೂ ವಯಸ್ಕರ ಲೆಕ್ಕದಲ್ಲಿ ಅದು ಕಾಣುವ ಹೊತ್ತಿಗೂ ಇಷ್ಟು ದೂರ ಇದೆ ಅನ್ನುವುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಕೆಟ್ಟದ್ದೂ ಅಷ್ಟೇ ತಡವಾಗಿ, ಅಷ್ಟೇ ದೀರ್ಘ ಕಾಲ ಉಳಿಯುತ್ತದೆ. ಇದಕ್ಕೆ ನಿಮ್ಮ ರಾಜ್ಯದ್ದೇ ಉದಾಹರಣೆ ಇದೆ. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ 1951ರಲ್ಲಿ ಬಾರ್ಬರಾ ಜಾನ್ಸ್ ಅನ್ನುವ 16 ವರ್ಷದ ಹುಡುಗಿ, ಕಪ್ಪು ಮಕ್ಕಳ ಶಾಲೆಯ ಸ್ಥಿತಿ ನೋಡಲಾರದೆ, ಜೊತೆಯವರನ್ನೆಲ್ಲ ಕರೆದುಕೊಂಡು ತರಗತಿ ಬಿಟ್ಟು ಹೊರಗೆ ಬಂದಳು. ಅಲ್ಲಿಂದ ಶುರುವಾದ ಮೊಕದ್ದಮೆ, ಶಾಲೆಗಳಲ್ಲಿನ ಬಣ್ಣಭೇದದ ವಿರುದ್ಧ ನಡೆಯುತ್ತಿದ್ದ ಬ್ರೌನ್ ಪ್ರಕರಣದ ಜೊತೆ ಸೇರಿತು. 1954ರಲ್ಲಿ ಸುಪ್ರೀಂ ಕೋರ್ಟು ಬಣ್ಣ ನೋಡಿ ಶಾಲೆ ಬೇರೆ ಮಾಡುವುದು ತಪ್ಪು ಅಂದಿತು. ಕೌಂಟಿ ಏನು ಮಾಡಿತು ಗೊತ್ತಾ? ಬಿಳಿಯ ಮತ್ತು ಕಪ್ಪು ಮಕ್ಕಳನ್ನು ಒಟ್ಟಿಗೆ ಕೂರಿಸುವ ಬದಲು 1959ರಲ್ಲಿ ಸರ್ಕಾರಿ ಶಾಲೆಗಳನ್ನೇ ಮುಚ್ಚಿತು. ಐದು ವರ್ಷ. 1964ರಲ್ಲಿ ಸುಪ್ರೀಂ ಕೋರ್ಟು ಮತ್ತೆ ನಡುವೆ ಬಂದ ಮೇಲೆಯೇ ಬಾಗಿಲು ತೆರೆದದ್ದು. ಬಿಳಿಯ ಮಕ್ಕಳಲ್ಲಿ ಹೆಚ್ಚಿನವರಿಗೆ ಖಾಸಗಿ ಶಾಲೆ ಸಿಕ್ಕಿತು. ಕಪ್ಪು ಮಕ್ಕಳಲ್ಲಿ ಕೆಲವರನ್ನು ಬೇರೆ ಊರಿನ ನೆಂಟರ ಮನೆಗೆ ಕಳಿಸಿದರು, ಬಹಳ ಮಕ್ಕಳಿಗೆ ಶಾಲೆಯೇ ಇರಲಿಲ್ಲ.

1959ರಲ್ಲಿ ಹತ್ತು ವರ್ಷ ಇದ್ದ ಮಗು 1974ರಲ್ಲಿ 25 ತುಂಬಿ ವಯಸ್ಕರ ಲೆಕ್ಕಕ್ಕೆ ಬರುತ್ತದೆ. ಅಂದರೆ 1980ರ ಲೆಕ್ಕದಲ್ಲಿ, 1990ರಲ್ಲಿ, 2000ದಲ್ಲಿ, 2010ರಲ್ಲಿ ಆ ಮಗು ಇದೆ. ಆ ಐದು ವರ್ಷದ ನಷ್ಟ ಪ್ರತಿ ಸಲವೂ ಆ ಸಾಲಿನಲ್ಲಿ ಎಣಿಕೆಯಾಗಿದೆ. ಅಂಥವರಿಗಾಗಿಯೇ ವರ್ಜೀನಿಯಾ ಸರ್ಕಾರ 2004ರಲ್ಲಿ ವಿದ್ಯಾರ್ಥಿವೇತನ ಶುರು ಮಾಡಿತು. ಆಗ ಅವರಿಗೆ ಐವತ್ತು, ಅರವತ್ತು ವರ್ಷ ವಯಸ್ಸು. ಶಾಲೆಗಳು ಕಾರಣ ಅಲ್ವಾ ಅಂತ ನೀವು ಕೇಳಿದಿರಿ. ಇಲ್ಲಿ ಹೌದು, ಶಾಲೆಯೇ ಕಾರಣ. ಆದರೆ ಆಗಿನ ಶಾಲೆ, ಈಗಿನದಲ್ಲ. ಇದೇ ಕೌಂಟಿಯ ಫಾರ್ಮ್‌ವಿಲ್ ಊರಿನಲ್ಲಿ ಲಾಂಗ್‌ವುಡ್ ವಿಶ್ವವಿದ್ಯಾಲಯ ಇದೆ, ಹತ್ತಿರದಲ್ಲೇ ಹ್ಯಾಂಪ್ಡನ್-ಸಿಡ್ನಿ ಕಾಲೇಜೂ ಇದೆ. ಹಾಗಾಗಿ ಅಲ್ಲಿ ನೆಲೆಸಿದ ಅಧ್ಯಾಪಕರೂ ಶಾಲೆ ಕಳೆದುಕೊಂಡ ಆ ಹಿರಿಯರೂ ಒಂದೇ ಶೇಕಡಾವಾರಿನಲ್ಲಿ ಬೆರೆತು ಹೋಗುತ್ತಾರೆ. ಸರಾಸರಿ ನೋಡಿದವರಿಗೆ ಇಬ್ಬರೂ ಕಾಣುವುದಿಲ್ಲ.

ಇಡೀ ದೇಶದಲ್ಲೂ ಈ ಗಾಯ ಇತ್ತು. 1940ರಲ್ಲಿ ಹೈಸ್ಕೂಲು ಮುಗಿಸಿದ ಕಪ್ಪು ವಯಸ್ಕರು 100ಕ್ಕೆ 8 ಜನಕ್ಕಿಂತ ಕಡಿಮೆ. ದಕ್ಷಿಣದ ಹಳ್ಳಿಗಾಡಿನ ಕೌಂಟಿಗಳು ಈ ಪಟ್ಟಿಯಲ್ಲಿ ಇಷ್ಟು ವರ್ಷ ಕೆಳಗೇ ಇದ್ದದ್ದಕ್ಕೆ ಇದೂ ಒಂದು ಮುಖ್ಯ ಕಾರಣ. ಈಗ ಹೈಸ್ಕೂಲಿನ ಮಟ್ಟಿಗೆ ಆ ಅಂತರ ಬಹಳ ಕಮ್ಮಿಯಾಗಿದೆ. ನಗರದ ಕೌಂಟಿಗೂ ಹಳ್ಳಿಯ ಕೌಂಟಿಗೂ ನಡುವೆಯೂ ಹಾಗೇ. ಹೈಸ್ಕೂಲಿನ ನಕ್ಷೆ ವರ್ಷದಿಂದ ವರ್ಷಕ್ಕೆ ಒಂದೇ ಬಣ್ಣಕ್ಕೆ ತಿರುಗುತ್ತಿದೆ.

ಕಾಲೇಜಿನ ನಕ್ಷೆ ಹಾಗಲ್ಲ. ಅದು ಚುಕ್ಕೆಚುಕ್ಕೆಯಾಗುತ್ತಿದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಊಹೆಯ ಕೌಂಟಿ. ಸಾವಿರ ವಯಸ್ಕರು, ಅವರಲ್ಲಿ ನೂರು ಪದವೀಧರರು. 100ಕ್ಕೆ 10. ಪಕ್ಕದಲ್ಲಿ ಏರ್‌ಪೋರ್ಟು ಬಂತು, ಕಂಪನಿಗಳು ಬಂದವು, ಸಾವಿರ ಜನ ಹೊಸಬರು ಬಂದು ನೆಲೆಸಿದರು. ಅವರಲ್ಲಿ ಆರುನೂರು ಪದವೀಧರರು. ಈಗ ಎರಡು ಸಾವಿರಕ್ಕೆ ಏಳುನೂರು, ಅಂದರೆ 100ಕ್ಕೆ 35. ಹಳಬರಲ್ಲಿ ಒಬ್ಬರೂ ಹೆಚ್ಚು ಓದಲಿಲ್ಲ, ಆದರೂ ಅಂಕಿ ಮೂರೂವರೆ ಪಟ್ಟು ಆಯಿತು. ಇನ್ನೊಂದು ಕೌಂಟಿ, ಅದೂ ಸಾವಿರಕ್ಕೆ ನೂರು. ಅಲ್ಲಿನ ಶಾಲೆಗಳು ಚೆನ್ನಾಗಿ ಕೆಲಸ ಮಾಡಿ ಇಪ್ಪತ್ತು ವರ್ಷದಲ್ಲಿ ಇನ್ನೂರು ಮಕ್ಕಳನ್ನು ಡಿಗ್ರಿವರೆಗೆ ಮುಟ್ಟಿಸಿದವು. ಕೆಲಸ ಇಲ್ಲದ್ದರಿಂದ ನೂರೆಂಬತ್ತು ಮಕ್ಕಳು ಊರು ಬಿಟ್ಟರು. ಉಳಿದವರು ಇಪ್ಪತ್ತು. ಅಷ್ಟರಲ್ಲಿ ಹಳೆಯ ಪದವೀಧರರಲ್ಲೂ ಕೆಲವರು ಹೋಗಿರುತ್ತಾರೆ. ಅಂಕಿ ಇದ್ದಲ್ಲೇ ಇರುತ್ತದೆ. ಮಕ್ಕಳನ್ನು ಓದಿಸಿದ್ದು ಎರಡನೇ ಕೌಂಟಿ, ಹೆಸರು ಬಂದದ್ದು ಮೊದಲನೆಯದಕ್ಕೆ.

ಲೌಡನ್ ನಿಜಕ್ಕೂ ಈ ಮೊದಲನೇ ಥರದ್ದು. 1970ರಲ್ಲಿ ಅಲ್ಲಿ ಇದ್ದದ್ದು 37,150 ಜನ. ಹಸು ಸಾಕುವವರು, ಹಾಲು ಮಾರುವವರು, ಕುದುರೆ ಸಾಕುವವರು. ಡಲಸ್ ಏರ್‌ಪೋರ್ಟು 1962ರಲ್ಲೇ ತೆರೆದಿತ್ತು, ಆದರೆ ಸುತ್ತ ಬರೀ ಹೊಲ. ಆಮೇಲೆ ವಾಷಿಂಗ್ಟನ್ ಸುತ್ತಲಿನ ಸರ್ಕಾರಿ ಗುತ್ತಿಗೆಯ ಕಂಪನಿಗಳು ಪಶ್ಚಿಮಕ್ಕೆ ಚಾಚಿಕೊಂಡವು. 1990ರ ವಲಸೆ ಕಾನೂನಿನಿಂದ ಎಚ್-1ಬಿ ವೀಸಾ ಬಂತು, 1990ರ ದಶಕದ ನಡುವೆ ಎಒಎಲ್ ಅನ್ನುವ ಇಂಟರ್ನೆಟ್ ಕಂಪನಿ ತನ್ನ ಮುಖ್ಯ ಕಚೇರಿಯನ್ನು ಡಲಸ್‌ಗೆ ತಂದಿತು, ಅದೇ ಕೌಂಟಿಯ ಆಶ್‌ಬರ್ನ್ ಸುತ್ತ ಡೇಟಾ ಸೆಂಟರ್‌ಗಳು ಎದ್ದವು. 2000ದಲ್ಲಿ ಜನ 1,69,599. 2020ರಲ್ಲಿ 4,20,959. ಐವತ್ತು ವರ್ಷದಲ್ಲಿ ಹನ್ನೊಂದು ಪಟ್ಟು. ಪದವೀಧರರು 2000ದಲ್ಲೇ 100ಕ್ಕೆ 47 ಇದ್ದರು, ಈಗ 60 ದಾಟಿದ್ದಾರೆ. 1970ರ ಲೌಡನ್ ಮತ್ತು 2020ರ ಲೌಡನ್ ಹೆಸರಿನಲ್ಲಿ ಒಂದೇ ಊರು, ಜನರ ಲೆಕ್ಕದಲ್ಲಿ ಅಲ್ಲ. ಅಮೆರಿಕದಲ್ಲಿರುವ ಭಾರತೀಯ ಮೂಲದ ವಯಸ್ಕರಲ್ಲಿ ನಾಲ್ವರಲ್ಲಿ ಸುಮಾರು ಮೂವರು ಪದವೀಧರರು. ಅಂಥವರು ಗುಂಪಾಗಿ ಒಂದು ಕೌಂಟಿಗೆ ಬಂದರೆ ಆ ಕೌಂಟಿಯ ಅಂಕಿ ಏರದೆ ಇರುವುದಿಲ್ಲ. ದಾವಣಗೆರೆ, ಹುಬ್ಬಳ್ಳಿ, ಮೈಸೂರು, ಸುರತ್ಕಲ್‌ನಲ್ಲಿ ಪಾಠ ಮಾಡಿದ ಅಧ್ಯಾಪಕರ ಕೆಲಸವೂ ಲೌಡನ್‌ನ ಆ ಅಂಕಿಯೊಳಗಿದೆ ಅಂತ ನೆನೆಸಿಕೊಂಡರೆ ನನಗೆ ಸಂತೋಷವೂ ಆಗುತ್ತದೆ, ಸ್ವಲ್ಪ ಸಂಕಟವೂ ಆಗುತ್ತದೆ.

ಲೌಡನ್‌ನ ಶಾಲೆಗಳು ಒಳ್ಳೆಯವಲ್ಲ ಅಂತ ನಾನು ಹೇಳುತ್ತಿಲ್ಲ. ಅವು ಒಳ್ಳೆಯವೇ ಇರಬಹುದು. ಓದಿದ ಅಪ್ಪಅಮ್ಮ ಇದ್ದ ಕಡೆ ಶಾಲೆಯೂ ಚೆನ್ನಾಗಾಗುತ್ತದೆ, ತೆರಿಗೆಯೂ ಜಾಸ್ತಿ ಬರುತ್ತದೆ. ಆದರೆ ಕಾರ್ಯಕಾರಣ ನೀವು ಅಂದುಕೊಂಡದ್ದಕ್ಕೆ ತಿರುಗುಮುರುಗು.

ಈಗ ಮ್ಯಾಕ್‌ಡೊವೆಲ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಆ ಕೌಂಟಿಯನ್ನು ಹೊರಗಿನವರು ಬಡತನದ ಫೋಟೋದಲ್ಲಿ ಮಾತ್ರ ನೋಡಿದ್ದಾರೆ. 1950ರಲ್ಲಿ ಅಲ್ಲಿ 98,887 ಜನ ಇದ್ದರು. ಆಗಿನ ಲೌಡನ್‌ಗಿಂತ ಎಷ್ಟೋ ದೊಡ್ಡದು. ಬೆಟ್ಟದ ತುಂಬ ಕಲ್ಲಿದ್ದಲ ಗಣಿ. ಹದಿನೆಂಟಕ್ಕೆ ಗಣಿಗಿಳಿದ ಹುಡುಗನಿಗೆ ಹೆಂಡತಿ ಮಕ್ಕಳನ್ನು ಸಾಕುವಷ್ಟು ಕೂಲಿ ಸಿಗುತ್ತಿತ್ತು, ಆ ಕೂಲಿಗೆ ಯಾರೂ ಸರ್ಟಿಫಿಕೇಟು ಕೇಳುತ್ತಿರಲಿಲ್ಲ. ಹೈಸ್ಕೂಲು ಬಿಟ್ಟವರನ್ನು ಬುದ್ಧಿ ಇಲ್ಲದವರು ಅನ್ನುವ ಹಾಗಿಲ್ಲ, ಅವರ ಲೆಕ್ಕ ಅವರಿಗೆ ಸರಿಯಾಗಿಯೇ ಇತ್ತು. ಆಮೇಲೆ ಯಂತ್ರಗಳು ಬಂದವು, ಅದೇ ಕಲ್ಲಿದ್ದಲು ತೆಗೆಯಲು ಕಡಿಮೆ ಜನ ಸಾಕಾಯಿತು. 1980ರ ದಶಕದಲ್ಲಿ ಯುಎಸ್ ಸ್ಟೀಲ್ ಅಲ್ಲಿನ ಗಣಿಗಳನ್ನು ಮುಚ್ಚಿತು. 2000ಕ್ಕೆ ಜನ 27,329ಕ್ಕೆ ಇಳಿದರು, 2020ಕ್ಕೆ 19,111ಕ್ಕೆ. ಎಪ್ಪತ್ತು ವರ್ಷದಲ್ಲಿ ಐವರಲ್ಲಿ ನಾಲ್ವರು ಇಲ್ಲವಾದರು.

ಹೀಗೆ ಜನ ಖಾಲಿಯಾಗುವಾಗ ಯಾರು ಮೊದಲು ಹೋಗುತ್ತಾರೆ? ಬೇರೆ ಕಡೆ ಕೆಲಸ ಸಿಗುವವರು. ಅಂದರೆ ವಯಸ್ಸು ಕಮ್ಮಿ ಇರುವವರು, ಓದಿದವರು. ಉಳಿಯುವವರು ಮನೆ ಇರುವ ಹಿರಿಯರು, ಗಣಿಯ ಧೂಳಿನಿಂದ ಶ್ವಾಸಕೋಶ ಕೆಟ್ಟವರು, ಅವರನ್ನು ನೋಡಿಕೊಳ್ಳಲು ನಿಂತ ಮಕ್ಕಳು. 2000ದ ಗಣತಿಯಲ್ಲಿ ಅಲ್ಲಿ ಹೈಸ್ಕೂಲು ಮುಗಿಸಿದ್ದವರು ವಯಸ್ಕರಲ್ಲಿ ಅರ್ಧದಷ್ಟು, ಪದವೀಧರರು 100ಕ್ಕೆ 6ರ ಆಸುಪಾಸು. ಆಮೇಲೆ ಹೈಸ್ಕೂಲಿನ ಅಂಕಿ ಸಾಕಷ್ಟು ಏರಿದೆ, ಪದವಿಯದು 10ರ ಕೆಳಗೇ ಇದೆ. ನೋಡಿ, ಅಲ್ಲೇ ಉಳಿಯಿತು ಅಂತ ನೀವು ಬರೆದದ್ದು ಕಾಲೇಜಿನ ಮಟ್ಟಿಗೆ ಮಾತ್ರ ನಿಜ. ಇಷ್ಟು ಕಷ್ಟದಲ್ಲೂ ಹೈಸ್ಕೂಲು ಏರಿದ್ದಕ್ಕೆ ಆ ಮೇಷ್ಟ್ರುಗಳಿಗೂ ಪಾಲು ಸಲ್ಲಬೇಕು. ಅದೇ ರಾಜ್ಯದ ಮೊನೊಂಗಾಲಿಯಾ ಕೌಂಟಿಯಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ ಇದೆ, ಅಲ್ಲಿ ಪದವೀಧರರು 100ಕ್ಕೆ 40ರ ಹತ್ತಿರ. ಒಂದೇ ರಾಜ್ಯ, ಒಂದೇ ಶಿಕ್ಷಣ ಇಲಾಖೆ.

ಇನ್ನು ಹಳ್ಳಿ ಮತ್ತು ನಗರದ ಅಂತರದ ಮಾತು. 2000ದಲ್ಲಿ ನಗರದ ಕೌಂಟಿಗಳಲ್ಲಿ ಪದವೀಧರರು 100ಕ್ಕೆ ಸುಮಾರು 26, ಹಳ್ಳಿಯ ಕೌಂಟಿಗಳಲ್ಲಿ 15. 2019ರ ಹೊತ್ತಿಗೆ ಸುಮಾರು 34 ಮತ್ತು 20. ಅಂತರ 11ರಿಂದ 14ಕ್ಕೆ ಹೋಯಿತು, ಹಳ್ಳಿ ಹಿಂದೆ ಬಿತ್ತು ಅಂತ ಬರೆಯುತ್ತಾರೆ. ಆದರೆ 15ರಿಂದ 20 ಅಂದರೆ ಮೂರನೇ ಒಂದರಷ್ಟು ಏರಿಕೆ. 26ರಿಂದ 34 ಅಂದರೂ ಹೆಚ್ಚುಕಮ್ಮಿ ಅಷ್ಟೇ. ಎರಡೂ ಒಂದೇ ವೇಗದಲ್ಲಿ ಹೋದವು, ಆದರೂ ನಡುವಿನ ದೂರ ಬೆಳೆಯಿತು. ಎರಡೂ ಮಾತು ನಿಜ. ಯಾರಾದರೂ ಒಂದನ್ನೇ ಹೇಳಿ ಇನ್ನೊಂದನ್ನು ಬಿಟ್ಟರೆ ಸ್ವಲ್ಪ ಅನುಮಾನದಿಂದಲೇ ಓದಿ.

ಇನ್ನೊಂದು ಗಮನಿಸಿ. ದೇಶದಲ್ಲಿ ಪದವೀಧರರು 100ಕ್ಕೆ 33 ಅಂದೆ. ಆದರೆ ಸುಮಾರು 3,140 ಕೌಂಟಿಗಳ ಅಂಕಿಗಳನ್ನು ಸುಮ್ನೆ ಕೂಡಿಸಿ ಭಾಗಿಸಿದರೆ ಬರುವುದು 20ರ ಸ್ವಲ್ಪ ಮೇಲೆ. ಯಾಕೆ? ಓದಿದವರು ಜನ ಜಾಸ್ತಿ ಇರುವ ಕೆಲವೇ ದೊಡ್ಡ ಕೌಂಟಿಗಳಲ್ಲಿ ಸೇರಿದ್ದಾರೆ. ಹಾಗಾಗಿ ಹೆಚ್ಚಿನ ಕೌಂಟಿಗಳು ದೇಶದ ಸರಾಸರಿಗಿಂತ ಕೆಳಗೇ ಇರುತ್ತವೆ. ನಮ್ಮ ಕೌಂಟಿ ಸರಾಸರಿಗಿಂತ ಹಿಂದೆ ಅಂತ ಒಂದು ಸಣ್ಣ ಊರಿನವರು ತಲೆ ತಗ್ಗಿಸಬೇಕಾದ್ದು ಏನೂ ಇಲ್ಲ.

ಐವತ್ತು ವರ್ಷದ ಅಂಕಿಗಳನ್ನು ಪಕ್ಕಪಕ್ಕ ಇಡುವಾಗ ಅಳತೆಗೋಲೇ ಬದಲಾಗಿದೆ ಅನ್ನುವುದನ್ನೂ ನೋಡಬೇಕು. 1980ರವರೆಗೆ ಗಣತಿ ಕೇಳುತ್ತಿದ್ದದ್ದು ಎಷ್ಟು ವರ್ಷ ಓದಿದಿರಿ ಅಂತ. 1990ರಿಂದ ಯಾವ ಡಿಗ್ರಿ ಪಡೆದಿರಿ ಅಂತ ಕೇಳಿದರು. ನಾಲ್ಕು ವರ್ಷ ಕಾಲೇಜಿಗೆ ಹೋಗಿ ಡಿಗ್ರಿ ಸಿಗದವರು ಹಳೆಯ ಲೆಕ್ಕದಲ್ಲಿ ಒಳಗೆ, ಹೊಸ ಲೆಕ್ಕದಲ್ಲಿ ಹೊರಗೆ. 2000ದವರೆಗೆ ಸುಮಾರು ಆರು ಮನೆಗೆ ಒಂದರಂತೆ ಉದ್ದನೆಯ ಫಾರ್ಮು ಕೊಡುತ್ತಿದ್ದರು. ಆಮೇಲೆ ಅದನ್ನು ನಿಲ್ಲಿಸಿ, 2005ರಿಂದ ಪ್ರತಿ ವರ್ಷ ಸಮೀಕ್ಷೆ ಮಾಡುತ್ತಿದ್ದಾರೆ. ಸಣ್ಣ ಕೌಂಟಿಗಳಲ್ಲಿ ಒಂದು ವರ್ಷಕ್ಕೆ ಸಿಗುವ ಮನೆಗಳು ತೀರಾ ಕಮ್ಮಿ, ಅದಕ್ಕೆ ಐದು ವರ್ಷದ್ದನ್ನು ಸೇರಿಸಿ ಕೊಡುತ್ತಾರೆ. ಟೆಕ್ಸಾಸ್‌ನ ಲವಿಂಗ್ ಕೌಂಟಿಯಲ್ಲಿ 2020ರಲ್ಲಿ ಇದ್ದದ್ದು 64 ಜನ. ಅಂಥ ಕಡೆ ಪದವೀಧರರು 5 ಅಂಶ ಏರಿದರು ಅಂದರೆ ಎರಡು ಮನೆಯವರು ಬಂದು ಹೋದರು ಅಂತಲೂ ಇರಬಹುದು. ಜನಗಣತಿ ಇಲಾಖೆಯ ಪಟ್ಟಿಗಳಲ್ಲಿ ತಪ್ಪಿನ ಅಂಚು ಅಂತ, ಅಂದರೆ ಲೆಕ್ಕ ಎಷ್ಟು ಆಚೀಚೆ ಇರಬಹುದು ಅಂತ, ಒಂದು ಅಂಕಿ ಕೊಟ್ಟಿರುತ್ತಾರೆ, ಅದನ್ನು ನೋಡದೆ ಸಣ್ಣ ಕೌಂಟಿಯ ಬಗ್ಗೆ ಮಾತಾಡಬಾರದು.

ಗಡಿಯೂ ಬದಲಾಗುತ್ತದೆ. ನಿಮ್ಮ ಪಕ್ಕದ ಪ್ರಿನ್ಸ್ ವಿಲಿಯಂ ಕೌಂಟಿಯಿಂದ ಮನಾಸಸ್ ಮತ್ತು ಮನಾಸಸ್ ಪಾರ್ಕ್ 1975ರಲ್ಲಿ ಬೇರೆಯಾಗಿ ಸ್ವತಂತ್ರ ನಗರಗಳಾದವು. 1970ರ ಸಾಲಿನಲ್ಲಿ ಅವು ಒಳಗಿವೆ, 1980ರಲ್ಲಿ ಇಲ್ಲ. ಕೊಲರಾಡೊದ ಬ್ರೂಮ್‌ಫೀಲ್ಡ್ ಕೌಂಟಿ ಹುಟ್ಟಿದ್ದೇ 2001ರಲ್ಲಿ, ನಾಲ್ಕು ಕೌಂಟಿಗಳ ಚೂರು ಸೇರಿಸಿ. ಕನೆಕ್ಟಿಕಟ್‌ನ ಎಂಟು ಕೌಂಟಿಗಳ ಬದಲು 2022ರಿಂದ ಒಂಬತ್ತು ಯೋಜನಾ ಪ್ರದೇಶಗಳ ಲೆಕ್ಕ ಕೊಡುತ್ತಿದ್ದಾರೆ. ಜೈಲಿನಲ್ಲಿರುವವರೂ ಜೈಲಿರುವ ಕೌಂಟಿಯ ವಯಸ್ಕರೇ. ಲೂಸಿಯಾನಾದ ವೆಸ್ಟ್ ಫೆಲಿಸಿಯಾನಾದಲ್ಲಿ ರಾಜ್ಯದ ದೊಡ್ಡ ಅಂಗೋಲಾ ಜೈಲು ಇದೆ. ಅಲ್ಲಿನ ಅಂಕಿ ನೋಡಿ ಊರವರ ಓದಿನ ಬಗ್ಗೆ ತೀರ್ಮಾನ ಕೊಡುವುದು ಅನ್ಯಾಯ.

ವಲಸೆ ಅಂಕಿಯನ್ನು ಇಳಿಸುವುದೂ ಉಂಟು. ಟೆಕ್ಸಾಸ್‌ನ ಸ್ಟಾರ್ ಕೌಂಟಿ ಮೆಕ್ಸಿಕೊ ಗಡಿಯಲ್ಲಿದೆ. 2000ದಲ್ಲಿ ಅಲ್ಲಿನ ವಯಸ್ಕರಲ್ಲಿ ಹೈಸ್ಕೂಲು ಮುಗಿಸಿದ್ದವರು ಮೂರನೇ ಒಂದರಷ್ಟು. ಬೆಳೆಯ ಹಿಂದೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಕೂಲಿಯವರು, ಗಡಿಯಾಚೆ ಪ್ರಾಥಮಿಕ ಶಾಲೆ ಮಾತ್ರ ನೋಡಿ ಬಂದವರು ಅಲ್ಲಿ ಬಹಳ. ಅವರ ಮಕ್ಕಳು ಅಲ್ಲೇ ಓದಿ ಹೈಸ್ಕೂಲು ಮುಗಿಸುತ್ತಾರೆ, ಆದರೆ ಲೆಕ್ಕ ಅಪ್ಪಅಮ್ಮನನ್ನೂ ಹಿಡಿಯುತ್ತದೆ. ಒಂದೇ ಮನೆಯಲ್ಲಿ ಆದ ದೊಡ್ಡ ಜಿಗಿತ ಕೌಂಟಿಯ ಸರಾಸರಿಯಲ್ಲಿ ಸಣ್ಣದಾಗಿ ಕಾಣುತ್ತದೆ. ಅಲ್ಲಿನ ಶಿಕ್ಷಕರ ಮೇಲೆ ನನಗೆ ವಿಶೇಷ ಗೌರವ.

ಹಾಗಾದರೆ ಶಾಲೆ ಚೆನ್ನಾಗಿದೆಯಾ ಅಂತ ತಿಳಿಯುವುದು ಹೇಗೆ? ಈ ಪಟ್ಟಿ ಒಂದರಿಂದಲೇ ಆಗದು. ಜನಗಣತಿ ಇಲಾಖೆಯ ಪಟ್ಟಿಗಳಲ್ಲಿ ಬಿ15001 ಅಂತ ಒಂದಿದೆ, ಅದರಲ್ಲಿ ಓದಿನ ಲೆಕ್ಕ ವಯಸ್ಸಿನ ಪ್ರಕಾರ ಸಿಗುತ್ತದೆ. 25ರಿಂದ 34 ವರ್ಷದವರ ಸಾಲನ್ನೂ 65 ದಾಟಿದವರ ಸಾಲನ್ನೂ ಹೋಲಿಸಿ. ತಲೆಮಾರಿನ ಬದಲಾವಣೆ ಎಷ್ಟು ಅಂತ ಕಣ್ಣಿಗೆ ಕಾಣುತ್ತದೆ. ಬಿ06009ರಲ್ಲಿ ಓದಿನ ಲೆಕ್ಕ ಹುಟ್ಟಿದ ಜಾಗದ ಪ್ರಕಾರ ಇದೆ: ಅದೇ ರಾಜ್ಯದಲ್ಲಿ ಹುಟ್ಟಿದವರು, ಬೇರೆ ರಾಜ್ಯದವರು, ಹೊರದೇಶದವರು. ಲೌಡನ್‌ಗೆ ಅದನ್ನು ತೆಗೆದು ನೋಡಿ. ವರ್ಜೀನಿಯಾದಲ್ಲೇ ಹುಟ್ಟಿದವರ ಸಾಲು ಮತ್ತು ಉಳಿದವರ ಸಾಲು ಬೇರೆಬೇರೆಯಾಗಿ ಕಂಡಾಗ ನಾನು ಇಷ್ಟುದ್ದ ಬರೆದದ್ದು ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ. ಹುಟ್ಟಿದ ಕೌಂಟಿ ಯಾವುದು ಅಂತ ಮಾತ್ರ ಅದು ಹೇಳುವುದಿಲ್ಲ, ರಾಜ್ಯದ ಮಟ್ಟಕ್ಕೇ ನಿಲ್ಲುತ್ತದೆ.

ಕರ್ನಾಟಕದ ವಿಷಯಕ್ಕೆ ಬರುತ್ತೇನೆ. ಹೋಲಿಸಬಹುದು, ಆದರೆ ಇನ್ನೂ ಎಚ್ಚರ ಬೇಕು. ನಮ್ಮಲ್ಲಿ ಎಲ್ಲರೂ ಹೇಳುವುದು ಸಾಕ್ಷರತೆಯ ಅಂಕಿ. 2011ರಲ್ಲಿ ರಾಜ್ಯಕ್ಕೆ 75.36, ದಕ್ಷಿಣ ಕನ್ನಡಕ್ಕೆ 88.57, ಯಾದಗಿರಿಗೆ 51.83. ಇದು 7 ವರ್ಷ ದಾಟಿದ ಎಲ್ಲರ ಲೆಕ್ಕ, ಮಕ್ಕಳೂ ಇದರಲ್ಲಿದ್ದಾರೆ, ಓದುಬರಹ ಬಂದರೆ ಸಾಕು. ಅಮೆರಿಕದ ಪಟ್ಟಿಯ ಜೊತೆ ಇದನ್ನು ಇಡುವಂತಿಲ್ಲ. ವಯಸ್ಸಿನ ಪ್ರಕಾರ ಯಾವ ಹಂತದವರೆಗೆ ಓದಿದ್ದಾರೆ ಅನ್ನುವುದು ನಮ್ಮ ಗಣತಿಯ ಸಿ-8 ಪಟ್ಟಿಯಲ್ಲಿ ಜಿಲ್ಲಾವಾರು ಸಿಗುತ್ತದೆ. ಅದರಿಂದ 25 ದಾಟಿದವರನ್ನು ನೀವೇ ಆರಿಸಿ ಕೂಡಿಸಬೇಕು.

ಗಡಿಯ ತೊಂದರೆ ಇಲ್ಲಿ ಜಾಸ್ತಿ. ನಿಮ್ಮ ದಾವಣಗೆರೆಯೇ ಜಿಲ್ಲೆಯಾದದ್ದು 1997ರಲ್ಲಿ. ಚಿತ್ರದುರ್ಗದಿಂದ ಒಡೆದು, ಶಿವಮೊಗ್ಗದ ಹೊನ್ನಾಳಿ, ಚನ್ನಗಿರಿ, ಬಳ್ಳಾರಿಯ ಹರಪನಹಳ್ಳಿ ಸೇರಿಸಿ ಮಾಡಿದ್ದು. ಹರಪನಹಳ್ಳಿ ಆಮೇಲೆ ಬಳ್ಳಾರಿಗೆ ವಾಪಸ್ ಹೋಗಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. 1991ರ ದಾವಣಗೆರೆ ಜಿಲ್ಲೆಯ ಅಂಕಿ ಬೇಕಾದರೆ ತಾಲ್ಲೂಕು ತಾಲ್ಲೂಕಾಗಿ ಕೂಡಿಸಿಯೇ ತೆಗೆಯಬೇಕು, ಬೇರೆ ದಾರಿ ಇಲ್ಲ. 2021ರಲ್ಲಿ ಆಗಬೇಕಿದ್ದ ಗಣತಿ ಆಗದೇ ಇದ್ದದ್ದರಿಂದ 2011ರಿಂದ ಈಚೆಗೆ ಕೈಯಲ್ಲಿ ಪೂರ್ತಿ ಲೆಕ್ಕವೂ ಇಲ್ಲ. ಊರು ಬಿಡುವ ಕತೆ ಇಲ್ಲೂ ಅದೇ. ಯಾದಗಿರಿಯಲ್ಲೋ ರಾಯಚೂರಲ್ಲೋ ಪಿಯುಸಿವರೆಗೆ ಓದಿ, ಡಿಗ್ರಿ ಮಾಡಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹುಡುಗಿ ಬೆಂಗಳೂರು ನಗರ ಜಿಲ್ಲೆಯ ಪದವೀಧರೆ.

ನಿಮ್ಮ ಸಹೋದ್ಯೋಗಿಗೆ ಒಂದು ಕೆಲಸ ಹೇಳಿ. ಅವರ ಹೈಸ್ಕೂಲಿನ ಕೊನೆಯ ವರ್ಷದ ಗ್ರೂಪ್ ಫೋಟೋ ಇದ್ದೇ ಇರುತ್ತದೆ. ಅದರಲ್ಲಿರುವ ಒಬ್ಬೊಬ್ಬರ ಮುಂದೆ ಎಷ್ಟು ಓದಿದರು, ಈಗ ಯಾವ ಕೌಂಟಿಯಲ್ಲಿದ್ದಾರೆ ಅಂತ ಬರೆಯಲಿ. ನೀವೂ ನಿಮ್ಮ ಹೈಸ್ಕೂಲಿನ ಫೋಟೋಕ್ಕೆ ಅದೇ ಮಾಡಿ. ಹೆಸರು ಬೇಡ, ಓದು ಮತ್ತು ಊರು ಸಾಕು. ಎರಡನ್ನೂ ನನಗೆ ಕಳಿಸಿ, ಕೂತು ಎಣಿಸೋಣ.